ಸ್ಕಾಟ್ಲೆಂಡ್ ಗುಂಪು ಪ್ರವಾಸ: ಒಂದು ದಿನದ್ದು ಸಾಲದು, ಮೂರು ದಿನದ್ದನ್ನೂ ನೋಡಿ ಆರಿಸಿ

ಎಡಿನ್‌ಬರೋದಿಂದ ಬೆಳಿಗ್ಗೆ ಎಂಟರ ಸುಮಾರಿಗೆ ಹೊರಟು ರಾತ್ರಿ ಎಂಟಕ್ಕೆ ಮರಳುವ ಲಾಕ್ ನೆಸ್ ಸರೋವರದ ಟೂರ್ ಹೆಚ್ಚುಕಡಿಮೆ ಎಲ್ಲ ಕಂಪನಿಗಳ ಪಟ್ಟಿಯಲ್ಲೂ ಇದೆ. ಜಾಹೀರಾತಿನಲ್ಲಿ ಕಿಲ್ಟ್ ತೊಟ್ಟ ಬ್ಯಾಗ್‌ಪೈಪ್ ವಾದಕ ತಪ್ಪದೆ ಇರುತ್ತಾನೆ. ಬಸ್ಸು ಹತ್ತಿದ ಮೇಲೆ ಅವನು ಕಾಣಸಿಗುವುದು ಗ್ಲೆಂಕೋ ಕಣಿವೆಯ ರಸ್ತೆ ಬದಿಯಲ್ಲಿ ಚಿಲ್ಲರೆ ಕಾಸಿಗಾಗಿ ಊದುತ್ತಾ, ಅದೂ ಅದೃಷ್ಟವಿದ್ದರೆ. ಹನ್ನೆರಡರಲ್ಲಿ ಏಳೆಂಟು ಗಂಟೆ ಸೀಟಿನಲ್ಲೇ ಕಳೆಯುತ್ತದೆ. ಗ್ಲೆಂಕೋದಲ್ಲಿ ಇಪ್ಪತ್ತು ನಿಮಿಷ, ಸರೋವರದ ಬಳಿ ಒಂದೂವರೆ ಗಂಟೆ, ಊಟವೂ ಅದರಲ್ಲೇ. ಬೆಟ್ಟ ನೋಡಲು ಇಷ್ಟು ಸಾಕು, ಜನಜೀವನ ನೋಡಲು ಸಾಲದು. ಡಿಸೆಂಬರ್‌ನಲ್ಲಂತೂ ಬೇಡವೇ ಬೇಡ: ಮಧ್ಯಾಹ್ನ ನಾಲ್ಕರ ಹೊತ್ತಿಗೆ ಕತ್ತಲು, ವಾಪಸ್ ದಾರಿಯಲ್ಲಿ ಕಿಟಕಿಯಾಚೆ ಏನೂ ಕಾಣುವುದಿಲ್ಲ.

ಸಂಸ್ಕೃತಿಗಾಗಿಯೇ ಹೋಗುವವರು ಹದಿನಾರು ಸೀಟಿನ ಮಿನಿಬಸ್ಸಿನಲ್ಲಿ ಸ್ಕೈ ದ್ವೀಪಕ್ಕೆ ಹೋಗುವ ಮೂರು ದಿನದ ಪ್ರವಾಸ ಆರಿಸಬೇಕು. ದ್ವೀಪದ ಅನೇಕ ರಸ್ತೆಗಳು ಒಂದೇ ವಾಹನ ಹಿಡಿಸುವಷ್ಟು ಕಿರಿದು. ಎದುರು ಬಂದವರಿಗೆ ದಾರಿ ಬಿಡಲು ಅಲ್ಲಲ್ಲಿ ಜಾಗ ಬಿಟ್ಟಿರುತ್ತಾರೆ. ಐವತ್ತು ಸೀಟಿನ ಕೋಚ್ ಅಲ್ಲಿ ಒದ್ದಾಡುತ್ತದೆ, ಹಾಗಾಗಿ ಒಳ ಹಳ್ಳಿಗಳನ್ನು ಬಿಟ್ಟುಬಿಡುತ್ತದೆ.

ಹೊರಡುವ ವಾರವನ್ನೂ ನೋಡಿಕೊಳ್ಳಿ. ಸ್ಕೈ ದ್ವೀಪದ ಕಿಲ್‌ಮ್ಯೂರ್‌ನಲ್ಲಿ ಹುಲ್ಲು ಹೊದಿಸಿದ ಹಳೆಯ ಮನೆಗಳನ್ನು ಸಾಮಾನು ಸರಂಜಾಮು ಸಮೇತ ಉಳಿಸಿಕೊಂಡ ಮ್ಯೂಸಿಯಂ ಇದೆ. ಅದು ಚಳಿಗಾಲದಲ್ಲಿ ಮುಚ್ಚಿರುತ್ತದೆ, ಭಾನುವಾರವೂ ರಜೆ. ಮೂರು ದಿನದ ಪ್ರವಾಸದಲ್ಲಿ ದ್ವೀಪ ಸುತ್ತುವುದು ಸಾಮಾನ್ಯವಾಗಿ ಎರಡನೇ ದಿನ. ಶನಿವಾರ ಹೊರಟಿರೋ, ಅದು ತಪ್ಪಿತೆಂದೇ ಲೆಕ್ಕ.

ಚಿಕ್ಕ ಬಸ್ಸಿನಲ್ಲಿ ಚಾಲಕನೇ ಗೈಡ್. ಪ್ರವಾಸದ ಅರ್ಧ ಬೆಲೆ ಅವನ ಬಾಯಲ್ಲೇ ಇದೆ ಎಂದರೂ ಸರಿಯೇ. ಅವನನ್ನು ಅಳೆಯಲು ಟಾರ್ಟನ್ (ಬಣ್ಣದ ಚೌಕುಳಿ ಬಟ್ಟೆ) ಬಗ್ಗೆ ಒಂದು ಪ್ರಶ್ನೆ ಸಾಕು. 'ಪ್ರತಿ ಕುಲಕ್ಕೂ ಅನಾದಿ ಕಾಲದಿಂದ ತನ್ನದೇ ವಿನ್ಯಾಸ' ಎಂದರೆ ಅದು ಅಂಗಡಿಯವರ ಮಾತು. ಉತ್ತರದ ಬೆಟ್ಟಸೀಮೆಯಾದ ಹೈಲ್ಯಾಂಡಿನ ಬಂಡಾಯಗಾರರು ಸೋತ ಕಲೋಡನ್ ಯುದ್ಧ ನಡೆದ 1746ರಲ್ಲೇ ಗಂಡಸರು ಕಿಲ್ಟ್, ಟಾರ್ಟನ್‌ನಂಥ ಹೈಲ್ಯಾಂಡ್ ಉಡುಪು ತೊಡದಂತೆ ಕಾನೂನು ಬಂತು, 1782ರಲ್ಲಿ ರದ್ದಾಯಿತು. ದೊರೆ ನಾಲ್ಕನೇ ಜಾರ್ಜ್ 1822ರಲ್ಲಿ ಎಡಿನ್‌ಬರೋಗೆ ಬಂದ ಸಂಭ್ರಮದಲ್ಲಿ ಟಾರ್ಟನ್ ಮತ್ತೆ ಮೆರೆಯಿತು. ಕುಲಕ್ಕೊಂದು ವಿನ್ಯಾಸ ಎಂಬ ಪಟ್ಟಿ ಬಹುಮಟ್ಟಿಗೆ ಆ ಕಾಲದ್ದು. ಇಷ್ಟನ್ನು ಬಿಡಿಸಿ ಹೇಳುವ ಗೈಡ್ ಸಿಕ್ಕರೆ ಮುಂದಿನ ಸೀಟು ಹಿಡಿಯಿರಿ.

ಸಂಜೆಯ ಕೇಲಿ (ಎಲ್ಲರೂ ಸೇರಿ ಕುಣಿಯುವ ಸ್ಕಾಟಿಷ್ ಕೂಟ) ಕುಣಿತ ಇಡೀ ಪ್ಯಾಕೇಜಿನ ಜೀವ. ಬುಕಿಂಗ್ ಮಾಡುವಾಗಲೇ ಕೇಳಿ: ನಾವು ಕುಣಿಯುವುದೋ, ಕೂತು ನೋಡುವುದೋ? ಹೋಟೆಲಿನ ಊಟದ ಜೊತೆಗಿನ ಪ್ರದರ್ಶನ ಎರಡನೆಯದು, ದುಬಾರಿ ಬೇರೆ. ಊರ ಸಭಾಂಗಣದ ಕುಣಿತಕ್ಕೆ ಅಭ್ಯಾಸ ಬೇಕಿಲ್ಲ, ಹೆಜ್ಜೆಗಳನ್ನು ಕೂಗಿ ಹೇಳಿಕೊಡುವವರು ಇರುತ್ತಾರೆ. ಒಂಟಿಯಾಗಿ ಬಂದವರು 'ಡ್ಯಾಶಿಂಗ್ ವೈಟ್ ಸಾರ್ಜೆಂಟ್' ಎಂಬ ಕುಣಿತದಿಂದ ಶುರುಮಾಡಬಹುದು. ಅದರಲ್ಲಿ ಮೂವರಿಗೆ ಮೂವರು ಎದುರಾಗುವುದರಿಂದ ಜೋಡಿ ಬೇಕಿಲ್ಲ. ಎಡವಟ್ಟಾಗುವುದು 'ಸ್ಟ್ರಿಪ್ ದ ವಿಲ್ಲೋ'ದಲ್ಲಿ. ವೇಗ ಹೆಚ್ಚಿದಾಗ ಬೆರಳ ತುದಿಯಲ್ಲಿ ಹಿಡಿದ ಕೈ ಜಾರಿ, ತಿರುಗುತ್ತಿದ್ದವರು ಪಕ್ಕದ ಸಾಲಿಗೆ ಹೋಗಿ ಬೀಳುತ್ತಾರೆ. ಮೊಣಕೈಗೆ ಮೊಣಕೈ ಸಿಕ್ಕಿಸಿಕೊಂಡು ತಿರುಗಿ. ಹಿಮ್ಮಡಿ ಎತ್ತರದ ಚಪ್ಪಲಿ ಬೇಡ.

ವಿಸ್ಕಿ ಡಿಸ್ಟಿಲರಿ ಭೇಟಿ ಒಂದು ಗಂಟೆಯದ್ದು, ಪರವಾಗಿಲ್ಲ. ಬೇಸಿಗೆಯಲ್ಲಿ ದುರಸ್ತಿಗೆಂದು ಕೆಲವು ವಾರ ಭಟ್ಟಿ ನಿಲ್ಲಿಸುವ ಕಡೆ ತಣ್ಣಗಿನ ತಾಮ್ರದ ಪಾತ್ರೆ ನೋಡಿ ಬರಬೇಕಾಗುತ್ತದೆ. ಓಕ್ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ, ಬಾಟಲಿಗೆ ತುಂಬುವಾಗ ಕನಿಷ್ಠ ಶೇ. 40 ಆಲ್ಕೋಹಾಲ್ ಎಂಬ ನಿಯಮ ಎಲ್ಲೆಡೆ ಒಂದೇ, ಆದ್ದರಿಂದ ಒಂದು ಡಿಸ್ಟಿಲರಿ ನೋಡಿದರೆ ಸಾಕು. ಎರಡೆರಡು ಸೇರಿಸಿದ ಪ್ರವಾಸದಲ್ಲಿ ಎರಡನೆಯದು ಬರೀ ರುಚಿ ನೋಡುವವರಿಗೆ.

ಹ್ಯಾಗಿಸ್ ಕುರಿಯ ಹೃದಯ, ಪಿತ್ತಜನಕಾಂಗ, ಶ್ವಾಸಕೋಶಗಳನ್ನು ಓಟ್ಸ್, ಈರುಳ್ಳಿ, ಕೊಬ್ಬು, ಮಸಾಲೆಯೊಂದಿಗೆ ಬೇಯಿಸಿದ್ದು. ಓಟ್ಸ್ ಮತ್ತು ಬೇಳೆಕಾಳಿನ ಸಸ್ಯಾಹಾರಿ ಹ್ಯಾಗಿಸ್ ಕೂಡ ಬೇಕಾದಷ್ಟು ಕಡೆ ಸಿಗುತ್ತದೆ. ಆದರೆ ಮೇಲೆ ಸುರಿಯುವ ವಿಸ್ಕಿ ಸಾಸ್ ಮತ್ತು ಗ್ರೇವಿಯನ್ನು ಬೇರೆಯಾಗಿ ವಿಚಾರಿಸಿ.

ಹೈಲ್ಯಾಂಡ್ ಗೇಮ್ಸ್ ಎಂಬ ಸಾಂಪ್ರದಾಯಿಕ ಕ್ರೀಡಾಕೂಟಗಳು ಪ್ಯಾಕೇಜಿನಲ್ಲಿ ಇಲ್ಲದಿದ್ದರೆ ಆಶ್ಚರ್ಯಪಡಬೇಡಿ. ಅವು ಮೇ-ಸೆಪ್ಟೆಂಬರ್ ನಡುವೆ ಒಂದೊಂದು ಊರಿನಲ್ಲಿ ಒಂದೊಂದು ದಿನ ನಡೆಯುತ್ತವೆ. ಬ್ರೇಮಾರ್‌ನದು ಸೆಪ್ಟೆಂಬರ್‌ನ ಮೊದಲ ಶನಿವಾರ. ಮರದ ದಿಮ್ಮಿ ಎಸೆಯುವ ಆಟದಲ್ಲಿ ದೂರಕ್ಕೆ ಅಂಕವಿಲ್ಲ. ದಿಮ್ಮಿ ಮಗುಚಿ, ಎಸೆದವನ ಮುಂದೆ ಗಡಿಯಾರದ ಹನ್ನೆರಡರ ಮುಳ್ಳಿನಂತೆ ನೇರ ಬಿದ್ದರೆ ಪೂರ್ಣ ಅಂಕ.

ಹ್ಯಾರಿಸ್ ಟ್ವೀಡ್ ಉಣ್ಣೆ ಬಟ್ಟೆ ಕೊಳ್ಳುವವರು ಗೋಳ ಮತ್ತು ಶಿಲುಬೆಯ ಮುದ್ರೆ ನೋಡಿ. ಔಟರ್ ಹೆಬ್ರಿಡೀಸ್ ದ್ವೀಪದವರು ತಮ್ಮ ಮನೆಯಲ್ಲಿ ಕೈಮಗ್ಗದಲ್ಲಿ ನೇಯ್ದದ್ದಕ್ಕೇ ಆ ಹೆಸರು ಎಂದು 1993ರ ಕಾಯ್ದೆ ಹೇಳುತ್ತದೆ.

ದುಡ್ಡು ಕೊಡುವ ಮೊದಲು ಇನ್ನೆರಡು ವಿಷಯ. ಪ್ರವೇಶ ಶುಲ್ಕ ಮತ್ತು ರಾತ್ರಿಯ ವಸತಿ ಅನೇಕ ಪ್ಯಾಕೇಜುಗಳಲ್ಲಿ ಸೇರಿರುವುದಿಲ್ಲ, ಒಬ್ಬರೇ ಕೋಣೆ ಹಿಡಿದರೆ ಹೆಚ್ಚುವರಿ ಹಣ. ಮಿನಿಬಸ್ಸಿನಲ್ಲಿ ದೊಡ್ಡ ಸೂಟ್‌ಕೇಸಿಗೆ ಜಾಗವಿಲ್ಲ. ಅದನ್ನು ಎಡಿನ್‌ಬರೋದಲ್ಲೇ ಬಿಟ್ಟು ಚಿಕ್ಕ ಚೀಲ, ಮಳೆ ಕೋಟು, ಬೇಸಿಗೆಯಾದರೆ ಮಿಜ್ ಎಂಬ ಕಚ್ಚುವ ಸಣ್ಣ ನೊಣ ಓಡಿಸುವ ಔಷಧ ಒಯ್ಯಿರಿ. ಗಾಳಿಯಿಲ್ಲದ ಸಂಜೆ ಸರೋವರದ ದಂಡೆಯಲ್ಲಿ ಅವು ಹಿಂಡುಹಿಂಡಾಗಿ ಮುತ್ತುತ್ತವೆ.