ಸ್ಮಾರ್ಟ್ ಬ್ಯಾಟರಿ ಚಾರ್ಜರ್: ಹಸಿರು ದೀಪವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ನಮ್ಮ ಪೆಟ್ರೋಲ್ ಕಾರಿಗೆಂದು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಕೊಂಡ 5 ಆಂಪಿಯರ್‌ನ ಸ್ಮಾರ್ಟ್ ಚಾರ್ಜರ್ ಈಗ ಮೂರು ವರ್ಷಗಳಿಂದ ಬಳಕೆಯಲ್ಲಿದೆ. ವಾರವಿಡೀ ಮೆಟ್ರೋದಲ್ಲಿ ಓಡಾಡಿ, ಭಾನುವಾರ ಜಯನಗರದವರೆಗೆ ಮಾತ್ರ ಕಾರು ತೆಗೆಯುವವರಿಗೆ ಇದು ಅನಗತ್ಯ ಖರ್ಚೆಂದು ತೋರಬಹುದು. ಲೆಕ್ಕ ಹಾಕಿದರೆ ಹಾಗಲ್ಲ. ನಿಂತ ಕಾರಿನಲ್ಲಿಯೂ ಅಲಾರಂ, ಗಡಿಯಾರ ಮುಂತಾದವು ಸ್ವಲ್ಪ ವಿದ್ಯುತ್ತನ್ನು ಎಳೆಯುತ್ತಲೇ ಇರುತ್ತವೆ. ಅದು 30 ಮಿಲಿಆಂಪಿಯರ್ ಎಂದಿಟ್ಟುಕೊಂಡರೂ ದಿನಕ್ಕೆ 0.72 ಆಂಪಿಯರ್-ಅವರ್ (ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್), ಮೂರು ವಾರಕ್ಕೆ 15. ಸಣ್ಣ ಕಾರಿನ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ 35. ಹೀಗೆ ಅರ್ಧ ಖಾಲಿಯಾಗಿ ಉಳಿದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಮತ್ತೆ ಸುಲಭವಾಗಿ ಕರಗುವುದಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಏಸಿ, ಹೆಡ್‌ಲೈಟ್ ಎರಡನ್ನೂ ಹಾಕಿಕೊಂಡು ನಿಂತು ಸಾಗುವ ಪಯಣದಿಂದ ಈ ಕೊರತೆ ತುಂಬುತ್ತದೆಂದು ನಂಬುವಂತಿಲ್ಲ.

ಆಯ್ಕೆಯ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಆಂಪಿಯರ್. ಬ್ಯಾಟರಿಯ ಆಂಪಿಯರ್-ಅವರ್ ಸಾಮರ್ಥ್ಯದ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿದ್ದರೆ ಸಾಕು. “ಇಪ್ಪತ್ತು ಆಂಪಿಯರ್ ತಗೊಳ್ಳಿ ಸಾರ್, ಬೇಗ ಆಗುತ್ತೆ” ಎಂದು ಅಂಗಡಿಯವರು ಹೇಳಿದ್ದು ನಿಜ. ಆದರೆ ರಾತ್ರಿಯಿಡೀ ನಿಲ್ಲುವ ಕಾರಿಗೆ ಅಷ್ಟೊಂದು ಅವಸರ ಏಕೆ? ಎರಡನೆಯದು, ತಾನಾಗಿ ಹಂತ ಬದಲಿಸುವ ಗುಣ. ಈ ಚಾರ್ಜರ್ ಸುಮಾರು 14.4 ವೋಲ್ಟ್ ಮುಟ್ಟುವವರೆಗೆ ಪೂರ್ಣ ಕರೆಂಟ್ ಕೊಟ್ಟು, ಅಲ್ಲಿಂದ ವೋಲ್ಟೇಜನ್ನು ಹಿಡಿದಿಟ್ಟು ಕರೆಂಟನ್ನು ಇಳಿಸುತ್ತ ಬಂದು, ಕೊನೆಗೆ 13.5ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಳೆಯ ಟ್ರಾನ್ಸ್‌ಫಾರ್ಮರ್ ಮಾದರಿಯವಕ್ಕೆ ಈ ನಿಲುಗಡೆ ಇರುವುದಿಲ್ಲ. ಮರೆತು ಬಿಟ್ಟರೆ ಬ್ಯಾಟರಿಯ ನೀರು ಕುದಿದು ಹೋಗುತ್ತದೆ. ಸಿಗ್ನಲ್‌ನಲ್ಲಿ ತಾನೇ ಎಂಜಿನ್ ಆರಿಸಿಕೊಳ್ಳುವ ಕಾರುಗಳಲ್ಲಿ ಸಾಮಾನ್ಯವಾಗಿ ಎಜಿಎಂ ಅಥವಾ ಇಎಫ್‌ಬಿ ಎಂಬ ಬೇರೆ ಬಗೆಯ ಬ್ಯಾಟರಿ ಇರುವುದರಿಂದ, ಚಾರ್ಜರ್ ಆ ಬಗೆಗೆ ಹೊಂದುತ್ತದೆಯೇ ಎಂದು ಕೇಳಿಯೇ ಕೊಳ್ಳಬೇಕು.

ನನ್ನ ದೊಡ್ಡ ತಕರಾರು ಕರೆಂಟ್ ಹೋದಾಗಿನದು. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕರೆಂಟ್ ಹೋಗಿ ಜನರೇಟರ್ ಹಿಡಿಯುವ ನಡುವಿನ ಕೆಲವು ಕ್ಷಣಗಳಲ್ಲಿ ಈ ಯಂತ್ರ ತಾನು ಏನು ಮಾಡುತ್ತಿದ್ದೆನೆಂಬುದನ್ನೇ ಮರೆತು, ಗುಂಡಿ ಒತ್ತುವವರೆಗೆ ಸುಮ್ಮನೆ ಕಾಯುತ್ತದೆ. ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ಇಳಿದು ಬಂದರೆ ಸಿಗುವುದು ಮಿನುಗುವ ಒಂದು ಕೆಂಪು ದೀಪ, ಚಾರ್ಜ್ ಆಗದ ಬ್ಯಾಟರಿ. ಕ್ಲಿಪ್ಪುಗಳ ಹಲ್ಲುಗಳೂ ತೆಳು. ಆದರೆ ಜೊತೆಗೆ ಕೊಟ್ಟ, ಟರ್ಮಿನಲ್‌ಗೆ ಬೋಲ್ಟಿನಿಂದ ಬಿಗಿಯುವ ಉಂಗುರದ ವೈರು ನಿಜಕ್ಕೂ ಉಪಕಾರಿ. ಅದನ್ನು ಕಾಯಂ ಆಗಿ ಕೂರಿಸಿದ ಮೇಲೆ ಕ್ಲಿಪ್ಪಿನ ಗೋಜೇ ಇಲ್ಲ. ಕ್ಲಿಪ್ ಬಳಸುವವರು ಕೆಂಪನ್ನು ಪ್ಲಸ್‌ಗೂ, ಕಪ್ಪನ್ನು ಬ್ಯಾಟರಿಯಿಂದ ದೂರದ ಬಾಡಿಯ ಲೋಹಕ್ಕೂ ಹಾಕಿ, ಆಮೇಲೆ ಸ್ವಿಚ್ ಒತ್ತಬೇಕು. ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು.

ಇನ್ನು ಚಾರ್ಜ್ ಮುಗಿಯಿತೆಂದು ಚಾರ್ಜರ್ ತೋರಿಸುವ ಹಸಿರು ದೀಪದ ಮಾತು. ಬ್ಯಾಟರಿ ಇನ್ನು ಹೆಚ್ಚು ತೆಗೆದುಕೊಳ್ಳುತ್ತಿಲ್ಲ ಎಂಬುದಷ್ಟೇ ಅದರ ಅರ್ಥ. ಸಲ್ಫೇಟ್ ಹಿಡಿದ ಬ್ಯಾಟರಿಯೂ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಕಳೆದ ಬೇಸಿಗೆಯಲ್ಲಿ ಸೆಲ್ಫ್ ಹೊಡೆದಾಗ ಎಂಜಿನ್ ಎಳೆದೆಳೆದು ತಿರುಗತೊಡಗಿತ್ತು. ಚಾರ್ಜರ್ ಹಚ್ಚಿದರೆ ಗಂಟೆಯೊಳಗೇ ಹಸಿರು! ಅರ್ಧ ಖಾಲಿಯಾದ 35ರ ಬ್ಯಾಟರಿಗೆ 5 ಆಂಪಿಯರ್‌ನಲ್ಲಿ ಮೂರೂವರೆ ಗಂಟೆಗಿಂತ ಹೆಚ್ಚೇ ಬೇಕಾದ್ದರಿಂದ, ಇಷ್ಟು ಬೇಗ ತುಂಬಿದ್ದೇ ಮೊದಲ ಸಂಶಯಕ್ಕೆ ಕಾರಣವಾಯಿತು.

ಪರೀಕ್ಷೆಗೆ ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾಧಾರಣ ಮಲ್ಟಿಮೀಟರ್ ಸಾಕು. ಚಾರ್ಜ್ ತೆಗೆದು ಒಂದು ರಾತ್ರಿ ಬಿಟ್ಟು ಅಳೆದಾಗ 12.6 ವೋಲ್ಟ್ ಬಂದರೆ ತುಂಬಿದೆ, 12.4 ಮುಕ್ಕಾಲು, 12.2 ಅರ್ಧ, 12.0 ಬಹುತೇಕ ಖಾಲಿ. ನಮ್ಮದು 12.3 ತೋರಿಸಿತು, ಹಿಂದಿನ ಸಂಜೆ ತಾನೇ ಹಸಿರು ಕಂಡ ಬ್ಯಾಟರಿ ಅದು. ನಂತರ ಮನೆಯವರು ಕೀ ತಿರುಗಿಸುವಾಗ ಮೀಟರಿನ ಮೇಲೆ ಕಣ್ಣಿಟ್ಟೆ. ಎಂಜಿನ್ ತಿರುಗುವಾಗಿನ ವೋಲ್ಟೇಜ್ 9.6ಕ್ಕಿಂತ ಮೇಲಿರಬೇಕು, ಇದು 9ಕ್ಕಿಂತ ಕೆಳಕ್ಕೆ ಕುಸಿಯಿತು. ಎಂಜಿನ್ ಹಿಡಿದ ಮೇಲೆ 14ಕ್ಕೆ ಏರಿದ್ದರಿಂದ, ಓಡುವ ಎಂಜಿನ್‌ನಿಂದ ಬ್ಯಾಟರಿ ತುಂಬಿಸುವ ಆಲ್ಟರ್ನೇಟರಿನ ಮೇಲೆ ದೂರು ಹಾಕುವಂತಿರಲಿಲ್ಲ. ಸುಮ್ಮನಿರುವ ಬ್ಯಾಟರಿ 10.5ರ ಆಸುಪಾಸಿನಲ್ಲೇ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿರುವ ಸಂಭವವೇ ಹೆಚ್ಚು. ಅಂಥದ್ದಕ್ಕೆ ಯಾವ ಚಾರ್ಜರೂ ಮದ್ದಲ್ಲ. ಮೇಲಿನ ಮುಚ್ಚಳಗಳು ಬಿಚ್ಚುವಂತಿದ್ದರೆ ಒಳಗಿನ ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇನ್ನೂ ಖಚಿತ: ತುಂಬಿದ ಸೆಲ್ 1.265ರ ಸುತ್ತ ಇರಬೇಕು, ಒಂದು ಸೆಲ್ ಮಾತ್ರ ಉಳಿದವುಗಳಿಗಿಂತ 0.050ರಷ್ಟು ಕೆಳಗಿದ್ದರೆ ಅದೇ ಅಪರಾಧಿ. ಬ್ಯಾಟರಿಯ ತಲೆಯ ಮೇಲಿನ ಬಣ್ಣದ ಕಣ್ಣು ಒಂದೇ ಸೆಲ್ಲನ್ನು ನೋಡುತ್ತದೆ, ಆದ್ದರಿಂದ ಅದಕ್ಕೆ ಹೆಚ್ಚು ಬೆಲೆ ಕೊಡಬೇಕಿಲ್ಲ.

ಬ್ಯಾಟರಿ ಅಂಗಡಿಗಳಲ್ಲಿ ಕೈಯಲ್ಲಿ ಹಿಡಿಯುವ ಟೆಸ್ಟರಿನಿಂದ ನೋಡಿ ಹೇಳುವುದುಂಟು. ಆದರೆ ಖಾಲಿ ಬ್ಯಾಟರಿಯ ಮೇಲೆ ಆ ಪರೀಕ್ಷೆ ತಪ್ಪು ಹೇಳಬಲ್ಲದು. ಪೂರ್ತಿ ಚಾರ್ಜ್ ಮಾಡಿ ಒಯ್ಯುವುದು ಕ್ಷೇಮ. ನಮ್ಮದು ಅಲ್ಲಿಯೂ ಫೇಲ್ ಆಯಿತು. ಹಳೆಯದನ್ನು ಅಂಗಡಿಗೇ ಕೊಟ್ಟದ್ದರಿಂದ ಹೊಸದರ ಬೆಲೆಯಲ್ಲಿ ಸ್ವಲ್ಪ ಕಡಿತವೂ ಸಿಕ್ಕಿತು. ಸೀಸ, ಆಮ್ಲ ತುಂಬಿದ ವಸ್ತುವನ್ನು ಕಸಕ್ಕೆ ಸೇರಿಸದೆ ಹಿಂದಿರುಗಿಸಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳೂ ಹೇಳುತ್ತವೆ.

ಚಾರ್ಜರ್ ಈಗ ಹೊಸ ಬ್ಯಾಟರಿಗೆ ದುಡಿಯುತ್ತಿದೆ. ಇಂಥದ್ದನ್ನು ಕೊಳ್ಳುವವರು ಅಂಗಡಿಯಲ್ಲಿಯೇ ಯಾವುದಾದರೊಂದು ಬ್ಯಾಟರಿಗೆ ಹಚ್ಚಿಸಿ, ಚಾರ್ಜ್ ನಡೆಯುತ್ತಿರುವಾಗ ಪ್ಲಗ್ ಕಿತ್ತು ಮತ್ತೆ ಹಾಕಿ ನೋಡಲಿ. ಅದು ಗುಂಡಿ ಒತ್ತಿಸಿಕೊಳ್ಳದೆ ತಾನಾಗಿಯೇ ಮುಂದುವರಿದರೆ, ನೂರಿನ್ನೂರು ರೂಪಾಯಿ ಹೆಚ್ಚಾದರೂ ಅದನ್ನೇ ಆರಿಸಬಹುದು.