ಬಳಸಿದ ಕಾರಿನ ಎಂಜಿನ್: ಹಳೆಯದನ್ನೂ ಹೊಸದನ್ನೂ ವರ್ಷಗಟ್ಟಲೆ ಓಡಿಸಿದ ಮೇಲೆ

ನಾನು ಇದುವರೆಗೆ ಕೊಂಡ ಎರಡು ಕಾರುಗಳೂ ಸೆಕೆಂಡ್ ಹ್ಯಾಂಡ್. ಮೊದಲನೆಯದರಲ್ಲಿ ಇದ್ದದ್ದು 1.6 ಲೀಟರಿನ, ಟರ್ಬೊ (ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದ, ಗಾಳಿ ಒಳಹೋಗುವ ಇನ್‌ಟೇಕ್ ಪೋರ್ಟಿನಲ್ಲಿ ಪೆಟ್ರೋಲ್ ಸಿಂಪಡಿಸುವ ಹಳೆಯ ಕಾಲದ ಎಂಜಿನ್. ಅದನ್ನು 8 ವರ್ಷ ಓಡಿಸಿದೆ. ಈಗಿನದು 1 ಲೀಟರಿನ, 3 ಸಿಲಿಂಡರಿನ, ಡೈರೆಕ್ಟ್ ಇಂಜೆಕ್ಷನ್ ಇರುವ ಟರ್ಬೊ ಎಂಜಿನ್; ಇದು ನನ್ನ ಬಳಿಗೆ ಬಂದು 5 ವರ್ಷಗಳಾಗಿವೆ.

ಓಡಿಸುವ ಸುಖದಲ್ಲಿ ಹೊಸದೇ ಮೇಲು. ಏರುದಾರಿಯಲ್ಲಿ ಹಳೆಯದನ್ನು ಗೇರ್ ಇಳಿಸಿ ಹತ್ತಿಸಬೇಕಿದ್ದಲ್ಲಿ ಇದು 2,000 ಆರ್‌ಪಿಎಂ ಆಸುಪಾಸಿನಲ್ಲೇ ಸಲೀಸಾಗಿ ಎಳೆಯುತ್ತದೆ. ಹದವಾಗಿ ಓಡಿಸಿದರೆ ಮೈಲೇಜೂ ಹೆಚ್ಚು. ಆದರೆ ಆಕ್ಸಿಲರೇಟರನ್ನು ಒತ್ತಿ ಹಿಡಿದು ಓಡಿಸುವವರಿಗೆ ಆ ಲಾಭ ಬಹುಮಟ್ಟಿಗೆ ಕರಗಿಹೋಗುತ್ತದೆ.

ಆದರೆ ಬಳಸಿದ ಕಾರನ್ನು ಕೊಳ್ಳುವವನು ಎಂಜಿನ್ನಿನ ಜೊತೆಗೆ ಹಿಂದಿನ ಮಾಲೀಕರ ಅಭ್ಯಾಸಗಳನ್ನೂ ಕೊಳ್ಳುತ್ತಾನೆ. ಹಳೆಯ ಎಂಜಿನ್ ಆ ಅಭ್ಯಾಸಗಳನ್ನು ಬಹಳಷ್ಟು ಸಹಿಸಿಕೊಳ್ಳುತ್ತದೆ, ಹೊಸದು ಸಹಿಸುವುದಿಲ್ಲ. ಪೋರ್ಟ್ ಇಂಜೆಕ್ಷನ್ನಿನಲ್ಲಿ ಪೆಟ್ರೋಲ್ ಸುಮಾರು 3-4 ಬಾರ್ ಒತ್ತಡದಲ್ಲಿ ಇನ್‌ಟೇಕ್ ವಾಲ್ವಿನ ಹಿಂಬದಿಗೆ ಬೀಳುವುದರಿಂದ ವಾಲ್ವು ತಾನಾಗಿಯೇ ತೊಳೆದುಕೊಳ್ಳುತ್ತಿರುತ್ತದೆ. ಡೈರೆಕ್ಟ್ ಇಂಜೆಕ್ಷನ್ನಿನಲ್ಲಿ ಪೆಟ್ರೋಲ್ 200 ಬಾರ್ ಅಥವಾ ಅದಕ್ಕೂ ಮೀರಿದ ಒತ್ತಡದಲ್ಲಿ ನೇರವಾಗಿ ಸಿಲಿಂಡರಿನೊಳಗೆ ಸೇರುತ್ತದೆ; ಎಂಜಿನ್ನಿನ ಕೆಳಭಾಗದ ಕ್ರ್ಯಾಂಕ್‌ಕೇಸಿನಿಂದ ಮೇಲೇರುವ ಆಯಿಲ್ ಆವಿ ಮಾತ್ರ ವಾಲ್ವಿಗೆ ತಗುಲಿ, ಬಿಸಿಗೆ ಒಣಗಿ, ಕಾರ್ಬನ್ ಆಗಿ ಗಟ್ಟಿಯಾಗುತ್ತದೆ. ಪೆಟ್ರೋಲಿಗೆ ಬೆರೆಸುವ ಕ್ಲೀನರುಗಳು ಈ ಕಾರ್ಬನ್ನನ್ನು ಮುಟ್ಟುವುದೂ ಇಲ್ಲ. ನನ್ನ ಕಾರಿನಲ್ಲಿ ಬೆಳಗಿನ ಮೊದಲ ಸ್ಟಾರ್ಟಿಗೆ ಎಂಜಿನ್ ತಡವರಿಸತೊಡಗಿದಾಗ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟು ಚಿಪ್ಪಿನ ತರಿಯನ್ನು ಗಾಳಿಯ ರಭಸದಿಂದ ಹಾಯಿಸಿ ವಾಲ್ವುಗಳನ್ನು ಶುಚಿ ಮಾಡಿಸಬೇಕಾಯಿತು. ಹಳೆಯ ಕಾರಿನ 8 ವರ್ಷಗಳಲ್ಲಿ ಇಂಥದೊಂದು ಕೆಲಸವಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಎರಡೂ ಬಗೆಯ ಇಂಜೆಕ್ಟರುಗಳನ್ನು ಒಟ್ಟಿಗೆ ಅಳವಡಿಸಿದ ಎಂಜಿನ್ನುಗಳಲ್ಲಿ ಈ ತೊಂದರೆ ಕಡಿಮೆ. ಅಂಥದ್ದು ಸಿಕ್ಕರೆ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ.

ಆಯಿಲ್ ವಿಷಯದಲ್ಲಂತೂ ಹೊಸದಕ್ಕೆ ಯಾವ ರಿಯಾಯಿತಿಯೂ ಸಲ್ಲದು. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ಟರ್ಬೊದ ಶಾಫ್ಟು ನಿಂತಿರುವುದು ತೆಳುವಾದ ಆಯಿಲ್ ಪದರದ ಮೇಲೆ. ಸಣ್ಣ ಓಡಾಟಗಳಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದೆ ಉಳಿದರೆ ಪೆಟ್ರೋಲ್ ಆಯಿಲಿಗೆ ಬೆರೆತು ಅದನ್ನು ಇನ್ನಷ್ಟು ತೆಳುವಾಗಿಸುತ್ತದೆ. ಕೆಲವು ಹೊಸ ಎಂಜಿನ್ನುಗಳಲ್ಲಿ, ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಬೆಲ್ಟು ಆಯಿಲಿನಲ್ಲೇ ಮುಳುಗಿ ಓಡುತ್ತದೆ. ತಪ್ಪು ದರ್ಜೆಯ ಆಯಿಲ್ ಹಾಕಿದ್ದರೆ ಬೆಲ್ಟು ಚೂರುಚೂರಾಗಿ ಉದುರಿ ಆಯಿಲ್ ಪಂಪಿನ ಜಾಲರಿಯನ್ನು ಮುಚ್ಚಿಬಿಡಬಹುದು. ಹೀಗಾಗಿ ಆಯಿಲ್ ಬದಲಿಸಿದ ದಿನಾಂಕ ಮತ್ತು ದರ್ಜೆಯನ್ನು ತೋರಿಸುವ ಬಿಲ್ಲುಗಳಿಲ್ಲದ ಟರ್ಬೊ ಕಾರನ್ನು, ಅದು ಎಷ್ಟೇ ಕಡಿಮೆ ಓಡಿದ್ದರೂ, ನಾನು ಕೊಳ್ಳಲಾರೆ.

ಹಾಗೆಂದು ಹಳೆಯದೆಲ್ಲ ಒಳ್ಳೆಯದು ಎನ್ನುವುದೂ ಸರಿಯಲ್ಲ. ವಯಸ್ಸಾದ ಎಂಜಿನ್ನಿನಲ್ಲಿ ರಬ್ಬರಿನ ಹೋಸ್, ಸೀಲು, ಗ್ಯಾಸ್ಕೆಟ್ಟುಗಳು ಓಡಿದ ದೂರವನ್ನು ಲೆಕ್ಕಿಸದೆ ಕಾಲಕ್ಕೇ ಒಣಗುತ್ತವೆ. ನನ್ನ ಹಳೆಯ ಕಾರಿನ ರೇಡಿಯೇಟರ್ ಹೋಸ್ ದಾರಿಯ ಮಧ್ಯದಲ್ಲೇ ಬಿರುಕುಬಿಟ್ಟಿತ್ತು. ಆದರೆ ಆ ದೋಷ ಕಣ್ಣಿಗೆ ಕಾಣುತ್ತಿತ್ತು, ಯಾವುದೇ ಮೆಕ್ಯಾನಿಕ್ ಸರಿಪಡಿಸಬಲ್ಲವನಾಗಿದ್ದ.

ಕಾರು ನೋಡಲು ಹೋಗುವಾಗ ಎಂಜಿನ್ ತಣ್ಣಗಿರಲಿ ಎಂದು ಮೊದಲೇ ಹೇಳಿಡುತ್ತೇನೆ. ಆಯಿಲ್ ಉರಿಯುವ ನೀಲಿ ಹೊಗೆ, ಸಡಿಲಗೊಂಡ ಟೈಮಿಂಗ್ ಚೈನಿನ ಕಟಕಟ ಸದ್ದು ಇವೆಲ್ಲ ಮೊದಲ ಕೆಲವು ಸೆಕೆಂಡುಗಳಲ್ಲೇ ಹೊರಬೀಳುತ್ತವೆ. ಜೊತೆಗೆ ಸ್ಕ್ಯಾನರ್ ಜೋಡಿಸಿ ದೋಷದ ಕೋಡುಗಳನ್ನಷ್ಟೇ ಅಲ್ಲದೆ ರೆಡಿನೆಸ್ ಮಾನಿಟರುಗಳನ್ನೂ, ಅಂದರೆ ಕಾರಿನ ಕಂಪ್ಯೂಟರ್ ತಾನೇ ನಡೆಸುವ ಪರೀಕ್ಷೆಗಳು ಮುಗಿದಿವೆಯೇ ಎಂಬುದನ್ನೂ, ನೋಡುತ್ತೇನೆ. ಕೋಡುಗಳನ್ನು ಇತ್ತೀಚೆಗೆ ಅಳಿಸಿದ್ದರೆ ಆ ಪರೀಕ್ಷೆಗಳು ಇನ್ನೂ ಮುಗಿದಿಲ್ಲವೆಂದು ಅದು ತೋರಿಸುತ್ತದೆ. ಈಗಿನ ಕಾರಿಗೂ ಮುಂಚೆ ನೋಡಿದ್ದ ಇನ್ನೊಂದು ಟರ್ಬೊ ಕಾರಿನಲ್ಲಿ ಒಂದೂ ಕೋಡ್ ಇರಲಿಲ್ಲ, ಆದರೆ ಮಾನಿಟರುಗಳಲ್ಲಿ ಹೆಚ್ಚಿನವು ಅಪೂರ್ಣವಾಗಿದ್ದವು. ಬ್ಯಾಟರಿ ಬಿಚ್ಚಿದರೂ ಹೀಗಾಗುವುದರಿಂದ, ಅದನ್ನು ಈಚೆಗೆ ಬಿಚ್ಚಿದ್ದರೇ ಎಂದು ಕೇಳಿದಾಗ ಮಾರುವವರು ಇಲ್ಲವೆಂದರು. ಆ ಕಾರಿನ ಮಾತುಕತೆಯನ್ನು ನಾನು ಅಲ್ಲಿಗೇ ನಿಲ್ಲಿಸಿದೆ.