ಪಿಗ್ಮಿ ಖಾತೆ: ಸಾಲ ತೀರಿಸೋಕೆ ಚೆನ್ನ, ದುಡ್ಡು ಕೂಡಿಡೋಕೆ ಅಲ್ಲ

ಪಿಗ್ಮಿ ಅಂದರೆ ಮನೆ ಬಾಗಿಲಿಗೆ ಬರುವ ಏಜೆಂಟರ ಕೈಗೆ ದಿನಾ ಸ್ವಲ್ಪ ಸ್ವಲ್ಪ ದುಡ್ಡು ಕೊಟ್ಟು ತುಂಬುವ ಖಾತೆ. ಗದಗ-ಬೆಟಗೇರಿಯಲ್ಲಿ ಅದನ್ನು ಕಟ್ಟದ ಅಂಗಡಿ ಹುಡುಕುವುದು ಕಷ್ಟ. ಚಹಾದಂಗಡಿ, ಕಾಯಿಪಲ್ಲೆ ಗಾಡಿ, ಟೇಲರ್, ಕಿರಾಣಿ, ಎಲ್ಲರ ಗಲ್ಲೆಯಲ್ಲೂ ಒಂದು ಸಣ್ಣ ಪಾಸ್‌ಬುಕ್ ಇದ್ದೇ ಇರುತ್ತದೆ. ಆದರೆ ಅದರಿಂದ ನಿಜವಾಗಿ ಎಷ್ಟು ಸಿಗುತ್ತದೆ, ಎಷ್ಟು ಹೋಗುತ್ತದೆ ಅಂತ ಲೆಕ್ಕ ಹಾಕಿ ನೋಡಿದವರು ಕಮ್ಮಿ. ನಾನು ಬೆಟಗೇರಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತೇನೆ. 2023ರಿಂದ ಇದೇ ಖಾತೆ ಹಿಡಿದುಕೊಂಡು ಮನೆಯ ಸಾಲಗಳನ್ನು ಒಂದೊಂದಾಗಿ ತೀರಿಸುತ್ತಿದ್ದೇನೆ. ನಮ್ಮ ವಯಸ್ಸಿನ, ನಮ್ಮಂಥ ದುಡಿಮೆಯ ಮನೆಗಳಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ನಾನು ಪಿಗ್ಮಿ ಕಟ್ಟುವ ಸಹಕಾರ ಸಂಘದ ಹೆಸರು ಹಾಕುವುದಿಲ್ಲ. ಅವರ ಬಗ್ಗೆ ಒಂದೆರಡು ತಕರಾರು ಇವೆ.

ಮೊದಲು ನಮ್ಮ ಸಾಲದ ವಿಷಯ. 2015ರಲ್ಲಿ 20 ವರ್ಷಕ್ಕೆ ಮನೆ ಸಾಲ ತೆಗೆದೆವು. 2021ರಲ್ಲಿ ಮಗಳ ಮದುವೆಗೆ ನಮ್ಮ ಭಾವನವರ ಹತ್ತಿರ ಕೈಗಡ. ಆಮೇಲೆ ಮಗನ ಇಂಜಿನಿಯರಿಂಗ್ ಕೊನೆ ವರ್ಷಗಳ ಫೀಸಿಗೆ ನನ್ನ ಬಂಗಾರದ ಬಳೆ, ಪಾಟ್ಲಿ, ಬಿಲ್ವಾರ ಅಡ ಇಟ್ಟು ಸಾಲ ತೆಗೆದೆವು. ಮನೆಯವರು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಾರೆ. ಅವರ ಪಗಾರದಲ್ಲಿ ಮನೆ ಸಾಲದ ಕಂತು ಹೋಗುತ್ತಿತ್ತು, ನನ್ನ ರೊಟ್ಟಿ ದುಡ್ಡಿನಲ್ಲಿ ಮಕ್ಕಳ ಓದು ನಡೆಯುತ್ತಿತ್ತು.

2023ರಲ್ಲಿ ಮಗನಿಗೆ ಪುಣೆಯಲ್ಲಿ ನೌಕರಿ ಸಿಕ್ಕಿತು. ಮಗಳು ಅಷ್ಟೊತ್ತಿಗೆ ಬೆಂಗಳೂರಿನಲ್ಲಿ ಸಂಸಾರ ಹೂಡಿದ್ದಳು. ಹಾಸ್ಟೆಲ್ ಬಾಡಿಗೆ, ಮೆಸ್ ಬಿಲ್ಲು, ಫೀಸು, ಎಲ್ಲಾ ಒಮ್ಮೆಲೇ ನಿಂತು ತಿಂಗಳಿಗೆ 9-10 ಸಾವಿರ ಕೈಯಲ್ಲಿ ಉಳಿಯತೊಡಗಿತು. ಇಂಥ ಹೊತ್ತಿನಲ್ಲಿ ಸಲಹೆ ಕೊಡುವವರು ಬಹಳ. "ಇನ್ನ ಏನ್ರಿ ಅಕ್ಕಾರ, ಮಕ್ಕಳು ದಡಾ ಮುಟ್ಯಾವ, ಮ್ಯಾಲೊಂದು ಖೋಲಿ ಕಟ್ರಿ, ಆರಾಮ ಇರ್ರಿ" ಅಂದವರೇ ಹೆಚ್ಚು. ನನಗೆ ಅದು ಸರಿ ಅನ್ನಿಸಲಿಲ್ಲ. ಮನೆಯವರಿಗೆ ಆಗ 54. ಬೈಂಡಿಂಗ್ ಕೆಲಸ ಅಂದರೆ ಕಣ್ಣು, ಬೆರಳು ಎರಡೂ ಗಟ್ಟಿ ಇರಬೇಕು. ರೊಟ್ಟಿ ಬಡಿಯುವ ನನ್ನ ತೋಳಿನದ್ದೂ ಅದೇ ಕಥೆ. ನಾವಿಬ್ಬರೂ ದುಡಿಯುವಷ್ಟರೊಳಗೆ ಸಾಲ ಮುಗಿಯಬೇಕು, ಅದು ಮಕ್ಕಳ ತಲೆ ಮೇಲೆ ಬೀಳಬಾರದು. ಇದಕ್ಕಿಂತ ದೊಡ್ಡ ಆಸೆ ನನಗೆ ಇರಲಿಲ್ಲ, ಈಗಲೂ ಇಲ್ಲ.

ಆದರೆ ನಮ್ಮಂಥವರಿಗೆ ತಿಂಗಳ ಕೊನೆಗೆ ಗಂಟು ಅಂತ ಸಿಗುವುದಿಲ್ಲ. ದುಡ್ಡು ದಿನಾ ಬರುತ್ತದೆ, 50, 100, 200 ಅಂತ. ಅದೇ ಥರ ದಿನಾ ಹೋಗುತ್ತದೆ. ಅಷ್ಟು ಚಿಲ್ಲರೆ ಹಿಡಿದುಕೊಂಡು ದಿನಾ ಬ್ಯಾಂಕಿಗೆ ಹೋಗೋಕೆ ಆಗುತ್ತಾ? ಬೆಳಿಗ್ಗೆ ಒಲೆ ಹಚ್ಚಿದರೆ ಮಧ್ಯಾಹ್ನದ ತನಕ ಏಳುವಂತಿಲ್ಲ. ಓಣಿಯ ಹೆಣ್ಣುಮಕ್ಕಳ ಭಿಶಿಯೂ ಇದೆ, ಎಲ್ಲರೂ ದುಡ್ಡು ಹಾಕಿ ಸರದಿಯಂತೆ ಒಬ್ಬೊಬ್ಬರು ಗಂಟು ಎತ್ತುವ ಚೀಟಿ ಅದು. ಆದರೆ ಅಲ್ಲಿ ನಂಬಿಕೆ ಒಂದೇ ಆಧಾರ, ಕಾಗದ ಇಲ್ಲ. ಪಿಗ್ಮಿಯ ನಿಜವಾದ ಬೆಲೆ ಇಲ್ಲೇ ಇರುವುದು. ಸಂಜೆ ಏಜೆಂಟರು ಬಾಗಿಲಿಗೆ ಬರುತ್ತಾರೆ. "ಅಕ್ಕಾರ, ಇವತ್ತೆಷ್ಟ ಬರಕೊಳ್ಳಲಿ?" ಅಂತ ಕೇಳುತ್ತಾರೆ. ನಾನು 300 ಕೊಡುತ್ತೇನೆ. ಕೈಯಲ್ಲಿರುವ ಸಣ್ಣ ಯಂತ್ರದಿಂದ ಚೀಟಿ ಹರಿದು ಕೊಡುತ್ತಾರೆ, ಮೊಬೈಲಿಗೆ ಮೆಸೇಜು ಬರುತ್ತದೆ. ವ್ಯಾಪಾರ ಇಲ್ಲದ ದಿನ 100 ಕೊಟ್ಟರೂ ಮುಖ ಸಿಂಡರಿಸುವುದಿಲ್ಲ. ಜಾತ್ರೆ, ಎಳ್ಳ ಅಮಾವಾಸ್ಯೆ ಸಮಯದಲ್ಲಿ ಜಾಸ್ತಿ ಹಾಕಿ ಸರಿದೂಗಿಸುತ್ತೇನೆ. ವರ್ಷಕ್ಕೆ ಹೆಚ್ಚೂಕಮ್ಮಿ ಒಂದು ಲಕ್ಷ ಆಗುತ್ತದೆ.

ಈ ಪದ್ಧತಿ ಹೊಸದಲ್ಲ. 1928ರಲ್ಲಿ ಉಡುಪಿ ಕಡೆ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ್ದು, ಆಗ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತಂತೆ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ನಮ್ಮ ಕಡೆ ಈಗ ಪಿಗ್ಮಿ ಹೆಚ್ಚಾಗಿ ನಡೆಸುವುದು ಪತ್ತಿನ ಸಹಕಾರ ಸಂಘಗಳು, ಸೌಹಾರ್ದ ಸಹಕಾರಿ ಸಂಘಗಳು. ಸಹಕಾರ ಅಂದರೆ ಗದಗಿನವರಿಗೆ ಸ್ವಲ್ಪ ಅಭಿಮಾನ ಜಾಸ್ತಿ. 1905ರಲ್ಲೇ ಇಲ್ಲಿ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದವರು, ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅಂತ ಅದಕ್ಕೆ ಹೆಸರಿದೆ. ನನಗೂ ಆ ಅಭಿಮಾನ ಇದೆ. ಹಾಗಂತ ಲೆಕ್ಕ ಬಿಡೋಕೆ ಆಗಲ್ಲ.

ಲೆಕ್ಕ ಏನು ಹೇಳುತ್ತದೆ ನೋಡಿ. ನಮ್ಮ ಸಂಘದಲ್ಲಿ ಪಿಗ್ಮಿಗೆ ವರ್ಷ ತುಂಬಿದರೆ ಶೇ 4 ಬಡ್ಡಿ. ಆರು ತಿಂಗಳಿಗೆ ತೆಗೆದರೆ ಶೇ 2.5. ಅದಕ್ಕೂ ಮೊದಲು ತೆಗೆದರೆ ಬಡ್ಡಿಯೇ ಇಲ್ಲ, ಮೇಲೆ ಏಜೆಂಟರ ಕಮಿಷನ್ ನಮ್ಮ ದುಡ್ಡಿನಲ್ಲೇ ಮುರಿದುಕೊಳ್ಳುತ್ತಾರೆ. ವರ್ಷಕ್ಕೆ ಒಂದು ಲಕ್ಷ ಕಟ್ಟಿದರೆ 4 ಸಾವಿರ ಬಡ್ಡಿ ಬರುತ್ತೆ ಅಂತ ಬಹಳ ಜನ ತಿಳಿದುಕೊಂಡಿರುತ್ತಾರೆ. ಬರಲ್ಲ. ದುಡ್ಡು ದಿನಾ ಸ್ವಲ್ಪ ಸ್ವಲ್ಪ ಸೇರುವುದರಿಂದ ಸರಾಸರಿ 50 ಸಾವಿರಕ್ಕೆ ಮಾತ್ರ ಬಡ್ಡಿ. ಅಂದರೆ ಸುಮಾರು 2 ಸಾವಿರ. ಅದೇ ಹೊತ್ತಿಗೆ ನಮ್ಮ ಮನೆ ಸಾಲದ ಬಡ್ಡಿ ಶೇ 9 ಇತ್ತು, ಬಂಗಾರದ ಸಾಲಕ್ಕೆ ಶೇ 12. ಇಲ್ಲಿ 4 ಗಳಿಸಿ ಅಲ್ಲಿ 12 ಕಟ್ಟುತ್ತಾ ಕೂತರೆ ಪಿಗ್ಮಿ ಎಷ್ಟು ದೊಡ್ಡದಾದರೂ ಮನೆ ಮುಂದೆ ಬರಲ್ಲ. ಆದ್ದರಿಂದ ಪಿಗ್ಮಿ ದುಡ್ಡು ನಿಲ್ಲಿಸುವ ಜಾಗ ಅಲ್ಲ. ಚಿಲ್ಲರೆಯನ್ನು ಗಂಟು ಮಾಡಿ ಕೊಡುವುದಷ್ಟೇ ಅದರ ಕೆಲಸ, ಗಂಟಾದ ತಕ್ಷಣ ಅಲ್ಲಿಂದ ಎತ್ತಿ ಸಾಲಕ್ಕೆ ಹಾಕಬೇಕು.

ಎಷ್ಟಕ್ಕೊಮ್ಮೆ ಎತ್ತಬೇಕು? ಸಂಘದವರು ವರ್ಷ ತುಂಬಲಿ ಅನ್ನುತ್ತಾರೆ. ನಾನು ಮತ್ತು ಮಗ ಫೋನಿನಲ್ಲೇ ಕೂತು ಲೆಕ್ಕ ಹಾಕಿದೆವು. ಆರಾರು ತಿಂಗಳಿಗೆ ತೆಗೆದರೆ ಪಿಗ್ಮಿ ಬಡ್ಡಿ ವರ್ಷದ ಎರಡೂ ಸಲದ್ದು ಸೇರಿ 600 ಚಿಲ್ಲರೆ ಮಾತ್ರ. ಆದರೆ ಮೊದಲ 50 ಸಾವಿರ ಆರು ತಿಂಗಳು ಮುಂಚೆ ಮನೆ ಸಾಲಕ್ಕೆ ಬೀಳುತ್ತದೆ, ಅಲ್ಲಿ 2,250 ಉಳಿಯುತ್ತದೆ. ವರ್ಷಕ್ಕೊಮ್ಮೆ ತೆಗೆದರೆ ಸಿಗುವ 2 ಸಾವಿರಕ್ಕಿಂತ ಇದೇ ಮೇಲು. ಶೇ 4 ಅನ್ನೋ ಬೋರ್ಡು ನೋಡಿ ವರ್ಷ ಕಾಯುವವರು ಈ ಲೆಕ್ಕ ಒಮ್ಮೆ ಮಾಡಿ ನೋಡಿ.

ಇದೇ ಕ್ರಮದಲ್ಲಿ ಮೊದಲು ಬಂಗಾರದ ಸಾಲ ತೀರಿತು. ಬಡ್ಡಿ ಹೆಚ್ಚಿನದ್ದು ಮೊದಲು, ಇದರಲ್ಲಿ ಚರ್ಚೆಯೇ ಬೇಡ. ನನ್ನ ಪಾಟ್ಲಿ ಕೈಗೆ ಬಂದ ದಿನ ಮನೆಯವರು ಪ್ರೆಸ್ಸಿನಿಂದ ಮಧ್ಯಾಹ್ನವೇ ಬಂದರು, ಏನೂ ಮಾತಾಡಲಿಲ್ಲ, ಒಂದು ಪಾವು ಕಿಲೋ ಪೇಡೆ ತಂದಿದ್ದರು. ಆಮೇಲೆ ಭಾವನವರ ಕೈಗಡ. ಅದಕ್ಕೆ ಬಡ್ಡಿ ಇರಲಿಲ್ಲ, ಲೆಕ್ಕದ ಪ್ರಕಾರ ಅದು ಕೊನೆಗೆ ಬರಬೇಕು. ಆದರೆ ಭಾವನವರಿಗೂ ವಯಸ್ಸಾಗಿದೆ, ಅವರು ಬಾಯಿ ಬಿಟ್ಟು ಕೇಳುವವರಲ್ಲ. ಕೇಳದವರ ದುಡ್ಡು ಮೊದಲು ಕೊಡಬೇಕು ಅಂತ ನಾನೇ ಹಟ ಹಿಡಿದೆ. ಈ ಒಂದು ಜಾಗದಲ್ಲಿ ಮಗನ ಲೆಕ್ಕ ನಾನು ಕೇಳಲಿಲ್ಲ, ಅದಕ್ಕೆ ನನಗೆ ಸಮಾಧಾನವೇ ಇದೆ.

2025ರಿಂದ ಗಂಟೆಲ್ಲಾ ಮನೆ ಸಾಲಕ್ಕೆ ಹೋಗುತ್ತಿದೆ. ಆಗ ಬಾಕಿ 8 ಲಕ್ಷ, ಇನ್ನೂ 10 ವರ್ಷ, ಕಂತು 10,134. ಮೊದಲ ಕಂತಿನಲ್ಲಿ 6 ಸಾವಿರ ಬರೀ ಬಡ್ಡಿ, ಅಸಲಿಗೆ ಹೋಗಿದ್ದು 4 ಸಾವಿರ ಚಿಲ್ಲರೆ. ಕಂತಿನ ಜೊತೆ ವರ್ಷಕ್ಕೆ ಒಂದು ಲಕ್ಷ ಹೆಚ್ಚಿಗೆ ಹಾಕುತ್ತಾ ಹೋದರೆ 10 ವರ್ಷದ್ದು ಸುಮಾರು ನಾಲ್ಕೂವರೆ ವರ್ಷಕ್ಕೆ ಮುಗಿಯುತ್ತದೆ, ಬಡ್ಡಿಯಲ್ಲಿ 2 ಲಕ್ಷಕ್ಕಿಂತ ಜಾಸ್ತಿ ಉಳಿಯುತ್ತದೆ. ರೊಟ್ಟಿ ಮಾರುವವಳಿಗೆ 2 ಲಕ್ಷ ಅಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಬ್ಯಾಂಕಿನಲ್ಲಿ ಈ ದುಡ್ಡು ಕಟ್ಟುವಾಗ ಎಚ್ಚರ ಬೇಕು. ಹೆಚ್ಚಿಗೆ ಕಟ್ಟಿದ ಮೇಲೆ ಕಂತು ಇಳಿಸಬೇಕೋ, ಅವಧಿ ಇಳಿಸಬೇಕೋ ಅಂತ ಎರಡು ದಾರಿ ಇವೆ. ಕಂತು ಇಳಿದರೆ ಈ ತಿಂಗಳು ಹಗುರ ಅನ್ನಿಸುತ್ತದೆ, ಆದರೆ ಸಾಲ ಅಷ್ಟೇ ವರ್ಷ ಎಳೆಯುತ್ತದೆ. ಅವಧಿಯನ್ನೇ ಇಳಿಸಿ ಅಂತ ಅರ್ಜಿ ಬರೆದು, ಸಹಿ ಮಾಡಿ, ಸೀಲು ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಬಡ್ಡಿ ಏರಿಳಿಯುವ ಮನೆ ಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ದಂಡ ಹಾಕಬಾರದು ಅಂತ ರಿಸರ್ವ್ ಬ್ಯಾಂಕು 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ನಮ್ಮ ಹಾಗೆ 2019ರ ಅಕ್ಟೋಬರ್‌ಗಿಂತ ಹಿಂದಿನ ಸಾಲ ಇದ್ದವರು, ಅದು ರೆಪೊ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರಕ್ಕೆ ತಕ್ಕಂತೆ ಏರಿಳಿಯುವ ಹಾಗೆ ಬದಲಾಗಿದೆಯಾ ಅಂತಲೂ ಕೇಳಿ. 2025ರ ಫೆಬ್ರುವರಿಯಿಂದ ಜೂನ್ ಒಳಗೆ ರೆಪೊ ದರ 6.5ರಿಂದ 5.5ಕ್ಕೆ ಇಳಿಯಿತು. ನಾವು ಅರ್ಜಿ ಕೊಟ್ಟು ಬದಲಿಸಿಕೊಂಡಿದ್ದರಿಂದ ನಮಗೂ ಅದರ ಲಾಭ ಸಿಕ್ಕಿತು. ಕಂತು ಮಾತ್ರ ಮೊದಲಿನಷ್ಟೇ ಇರಲಿ ಅಂದೆವು.

ಇನ್ನು ತಕರಾರು. ಗಂಟು ಸ್ವಲ್ಪ ಬೆಳೆದ ಕೂಡಲೇ ಸಂಘದವರು "ಯಾಕ ಮುರೀತೀರಿ ಅಕ್ಕಾರ, ಪಿಗ್ಮಿ ಮ್ಯಾಲ ಸಾಲ ತಗೋರಿ" ಅನ್ನುತ್ತಾರೆ. ಇದು ನನಗೆ ಸ್ವಲ್ಪವೂ ಸೇರುವುದಿಲ್ಲ. ನಮ್ಮದೇ ದುಡ್ಡಿಗೆ ನಾವೇ ಬಡ್ಡಿ ಕಟ್ಟುವುದು ಅದು. ನಮ್ಮ ಓಣಿಯಲ್ಲೇ ವರ್ಷಗಟ್ಟಲೆ ಪಿಗ್ಮಿ ತುಂಬಿಯೂ ಕೈಯಲ್ಲಿ ಏನೂ ಇಲ್ಲದವರಿದ್ದಾರೆ. ಕಾರಣ ಇದೇ, ಪ್ರತಿ ಸಲ ಸಾಲ, ಪ್ರತಿ ಸಲ ಆ ಸಾಲಕ್ಕೇ ಜಮಾ. ದಿನಾ ದುಡಿದು ಕಟ್ಟುವವರಿಗೆ ಈ ದಾರಿ ತೋರಿಸಬಾರದು. ಎರಡನೆಯದು, ಖಾತೆ ಮುಚ್ಚುವ ದಿನ ಸುಮ್ನೆ ಕೂಡಿಸುತ್ತಾರೆ. ಸೆಕ್ರೆಟರಿ ಇಲ್ಲ, ಸಹಿ ಆಗಿಲ್ಲ, ನಾಳೆ ಬನ್ನಿ ಅಂತ. ಹಾಕುವಾಗ ಮನೆ ಬಾಗಿಲಿಗೆ ಬರುವವರು ಕೊಡುವಾಗ ಹೀಗೆ ಅಲೆದಾಡಿಸಿದರೆ ಬೇಸರ ಆಗಲ್ವಾ? 20 ಸಾವಿರ ದಾಟಿದರೆ ನಗದು ಕೊಡುವುದಿಲ್ಲ, ಚೆಕ್ಕು ಅಥವಾ ಖಾತೆಗೆ ಜಮಾ. ಅದು ಕಾನೂನು, ಅದಕ್ಕೆ ನನ್ನ ತಕರಾರಿಲ್ಲ. ಒಳ್ಳೆಯದೇ, ದುಡ್ಡು ಕೈಗೆ ಬಂದು ಕರಗುವುದು ತಪ್ಪುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಭದ್ರತೆ. ಬ್ಯಾಂಕಿನಲ್ಲಿಟ್ಟ ದುಡ್ಡಿಗೆ, ಪಟ್ಟಣ ಸಹಕಾರಿ ಬ್ಯಾಂಕಿನದ್ದೂ ಸೇರಿ, 2020ರಿಂದ 5 ಲಕ್ಷದ ತನಕ ಠೇವಣಿ ವಿಮೆ ಇದೆ. ಪತ್ತಿನ ಸಹಕಾರ ಸಂಘಕ್ಕೆ, ಸೌಹಾರ್ದ ಸಂಘಕ್ಕೆ ಆ ವಿಮೆ ಇಲ್ಲ. ಹೆಸರಿನಲ್ಲಿ "ಬ್ಯಾಂಕ್" ಅಂತ ಇದೆಯಾ, "ಸಂಘ" ಅಂತ ಇದೆಯಾ ಅಂತ ಪಾಸ್‌ಬುಕ್ ತೆಗೆದು ನೋಡಿ. ಸಂಘ ಒಳ್ಳೆಯದೇ ಇರಬಹುದು, ನಮ್ಮದೂ ಇಲ್ಲಿ ತನಕ ಒಂದು ರೂಪಾಯಿ ತಪ್ಪಿಸಿಲ್ಲ. ಆದರೂ ನಾನು ಅಲ್ಲಿ 50-60 ಸಾವಿರಕ್ಕಿಂತ ಹೆಚ್ಚು ನಿಲ್ಲಿಸುವುದಿಲ್ಲ. ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿಟ್ಟು ತಿಂಗಳಿಗೊಮ್ಮೆ ಪಾಸ್‌ಬುಕ್ಕಿನ ಜೊತೆ ತಾಳೆ ನೋಡುತ್ತೇನೆ. ನಮ್ಮ ಏಜೆಂಟರು ನಂಬಿಗಸ್ತರು, ಅವರೇ "ನೋಡಿಕೊಳ್ರಿ ಅಕ್ಕಾರ, ನನಗೂ ಛಲೋ" ಅನ್ನುತ್ತಾರೆ. ಅಂಥವರು ಸಿಕ್ಕಿದ್ದು ನಮ್ಮ ಪುಣ್ಯ. ಬಿಸಿಲು, ಮಳೆ ನೋಡದೆ ಬರುತ್ತಾರೆ, ಅವರಿಗೆ ಸಿಗುವುದು ಕಮಿಷನ್ ಅಷ್ಟೇ.

ಯಾರಿಗೆ ಬೇಡ ಅಂದರೆ, ತಿಂಗಳ ಪಗಾರದವರಿಗೆ ಬೇಡವೇ ಬೇಡ. ನಿಮ್ಮ ದುಡ್ಡು ಮೊದಲೇ ಗಂಟಾಗಿ ಬರುತ್ತದೆ, ನೇರ ಸಾಲದ ಖಾತೆಗೆ ಹಾಕಿ. ಮಗಳು ಈಗ ತಿಂಗಳಿಗೆ 3 ಸಾವಿರ ಕಳಿಸುತ್ತೇನೆ ಅಂತ ಹಟ ಮಾಡಿದ್ದಾಳೆ. ನಾನು ಬೇಡ ಅಂದಿದ್ದೇನೆ, ಅವಳ ಸಂಸಾರ ಈಗಷ್ಟೇ ಶುರು. ಮಗ ಲೆಕ್ಕ ನೋಡುತ್ತಾನಲ್ಲ, ಅಷ್ಟು ಸಾಕು.

ಸಂಘದವರು ಇದನ್ನು ಓದಿದರೆ ಒಂದು ಕೆಲಸ ಮಾಡಿಕೊಡಿ. ಈಗ ನನ್ನ ಅರ್ಧ ವ್ಯಾಪಾರ ಫೋನ್‌ಪೇಯಲ್ಲಿ ಬರುತ್ತದೆ, ಪಿಗ್ಮಿಗೆ ಮಾತ್ರ ನಗದೇ ಬೇಕು. ಅದಕ್ಕೋಸ್ಕರ ಎಟಿಎಂಗೆ ಹೋಗಿ ತೆಗೆದುಕೊಂಡು ಬರಬೇಕಾಗುತ್ತದೆ. ಏಜೆಂಟರ ಕೊರಳಿಗೆ ಒಂದು ಕ್ಯೂಆರ್ ಕೋಡ್ ಹಾಕಿ ಕಳಿಸಿ, ಅವರ ಕಮಿಷನ್ ಮಾತ್ರ ಮುರಿಯಬೇಡಿ. ಆರು ತಿಂಗಳಿಗೆ ಖಾತೆ ತಾನೇ ಮುಚ್ಚಿ, ದುಡ್ಡು ನಾವು ಬರೆದುಕೊಟ್ಟ ಸಾಲದ ಖಾತೆಗೆ ಹೋಗುವ ಹಾಗೆ ಒಂದು ಫಾರ್ಮು ಇಟ್ಟರೆ, ನಮ್ಮ ಓಣಿಯಿಂದ ಇನ್ನೂ ಹತ್ತು ಜನರನ್ನು ನಾನೇ ಕರೆದುಕೊಂಡು ಬರುತ್ತೇನೆ.